ಗಾದಿ ಬಗ್ಗೆ ಮುನ್ನೂರು ಪದ

ಹೆಸರು ಅಲ್ಮಾಸ ನದಾಫ.
ಊರು ವಿಜಯಪುರ, ಜೋರಾಪುರ ಪೇಟೆ.
ಮಾತೃಭಾಷೆ ಅನ್ನೂ ಖಾನೆದಾಗ ಕನ್ನಡ ಒತ್ತಿದೆ.
ಪರದೆ ಒಂದು ಗಳಿಗಿ ಸುಮ್ಮನಾತು,
ಆಮ್ಯಾಲೆ ಕೇಳ್ತು: ಖಚಿತವೇ?

ಖಚಿತ.

ಪದಕ್ಕಿಷ್ಟು ಅಂತ ಬರಹ ಕೊಳ್ಳೂ ಸಂತಿ ಅದು,
ಒಳಗ ಹೋಗಾಕ ಮೂರು ಮೆಟ್ಟಿಲು.
ಒಂದನೇದು ಇಪ್ಪತ್ತೈದು ಪ್ರಶ್ನೆ, ಇಪ್ಪತ್ತು ಮಿನಿಟು:
ಅಲ್ಪವಿರಾಮ ಎಲ್ಲಿ, ಅಕಾರ ಎಲ್ಲಿ ಹಕಾರ ಎಲ್ಲಿ,
ಮಹಾಪ್ರಾಣಕ್ಕ ಎಷ್ಟು ಉಸಿರು ಬಿಡಬೇಕು.
ಹದಿನೆಂಟು ಸರಿ ಬಂದ್ವು. ಹದಿನೇಳು ಸಾಕಿತ್ತಂತ.
ಎರಡನೇದು ನಮೂನೆ ಬರಹ: ಹಾಸಿಗೆಯ ಆಯ್ಕೆ ಹೇಗೆ?
ಮುನ್ನೂರು ಪದ, ಅದರಾಗ 'ಉತ್ತಮ ಹಾಸಿಗೆ' ಏಳು ಸಲ ಬರಬೇಕು.
ಒಂದ ಮಾತು ಏಳು ಸಲ ತಿರುಗಿ ಬರೂದು ಕೇಳಾಕ
ನಮ್ಮೂರಾಗ ಟಿಕೀಟ ಅದ.

ನಕ್ಕೆ. ಹಾಸಿಗಿ!
ನಾ ಹುಟ್ಟಿದ್ದ ಅರಳಿ ಚೀಲದ ಮಗ್ಗಲಿಗೆ.
ಅಪ್ಪನ ಕಮಾನು ಟಂಯ್ ಟಂಯ್ ಅಂತಿದ್ರ
ಆ ತಾಳಕ್ಕ ಮಗ್ಗಿ ಬಾಯಿಪಾಠ ಮಾಡ್ದಾಕಿ.
ಈಗ ಮಶೀನ ಬಂದದ, ಕಮಾನು ಗೂಟಕ್ಕ ತೂಗತದ,
ಗಾಳಿ ಬಿಟ್ರ ತಾನ ಒಮ್ಮೊಮ್ಮೆ ಗುಂಯ್ ಅಂತದ.

ಬರದೆ, ಒಂದ ಕೂರಿಗೆ:
ಹಿಂಜಿದ ಹತ್ತಿ ಮುಷ್ಟಿದಾಗ ಹಿಡಿದು ಬಿಡು.
ಬಿಟ್ಟ ಕೂಡ್ಲೆ ಎದ್ರ ಹೊಸದು.
ಯೋಚನೆ ಮಾಡಿ ಎದ್ರ ಹಳೇದು ಬೆರಸ್ಯಾರ.
ಏಳಲೇ ಇಲ್ಲಂದ್ರ ಗಿರಣಿ ಕಸ, ರೊಕ್ಕ ತಿರುಗಿ ಕೇಳು.
ಗಾದಿಗೆ ಗೇಣಿಗೊಂದು ಟಾಕಿ. ಬಾಣಂತಿಗೆ ಬಾಳ ಮೆತ್ತಗ ಬ್ಯಾಡ.
ವರ್ಷಕ್ಕೊಮ್ಮೆ ಬಿಚ್ಚಿ ಬಿಸಿಲಿಗೆ ಹಾಕು,
ಮಂದಿ ಬೆವರು ಕುಡಿದು ಹತ್ತಿನೂ ದಣೀತದ.

ಮೂರು ದಿನಕ್ಕ ಕೆಂಪು ಅಕ್ಷರದಾಗ ಉತ್ತರ:
ಅನರ್ಹ. ಆಡುಮಾತಿನ ಬಳಕೆ ಹೆಚ್ಚು.
'ಗಾದಿ', 'ಟಾಕಿ' ಓದುಗರಿಗೆ ಪರಿಚಿತವಲ್ಲ.
ಹೇಳಿಕೆಗಳಿಗೆ ಆಧಾರ ಇಲ್ಲ.
ಮೂವತ್ತು ದಿನಗಳ ನಂತರ ಮತ್ತೆ ಪ್ರಯತ್ನಿಸಿ.
ಕೆಳಗ ಹೆಸರಿಲ್ಲ. ಸಂಪಾದಕ ೧೪.

ಅಪ್ಪಗ ಓದಿ ಹೇಳಿದೆ.
ಹಲ್ಲಾಗಿನ ದಾರ ತಗದು ಅಂದ:
"ಆಧಾರ ಇಲ್ಲಂತಾನ? ಟ್ರಂಕಿನ್ಯಾಗ ಅದಲ್ಲವ್ವಾ,
ಝೆರಾಕ್ಸ ಹೊಡಿಸಿ ಕಳಸು."

ಮೂವತ್ತು ದಿನ. ಅಷ್ಟರಾಗ
ಎಂಟು ಗಾದಿ, ಇಪ್ಪತ್ತು ತಲೆದಿಂಬು, ಮದವಿ ಮನಿಗೆ ಎರಡು ಲೋಡು.
ಹೊಲಕೋತ ಫೋನಿನ್ಯಾಗ ಬ್ಯಾರೆಯವರ
ನಾಕು ಸ್ಟಾರಿನ ಹಾಸಿಗಿ ಬರಹ ಅಷ್ಟೂ ಓದಿದೆ.
ಒಂದರ ಮ್ಯಾಲೂ ಯಾರೂ ಮಲಗಿರಲಿಲ್ಲ.

ಮೂವತ್ತೊಂದನೇ ರಾತ್ರಿ:
ಇಂದಿನ ಒತ್ತಡದ ಜೀವನದಲ್ಲಿ
ಸುಖನಿದ್ರೆಗೆ ಉತ್ತಮ ಹಾಸಿಗೆ ಅತ್ಯಗತ್ಯ.
ತಜ್ಞರ ಪ್ರಕಾರ ಉತ್ತಮ ಹಾಸಿಗೆ
ಬೆನ್ನುಮೂಳೆಗೆ ಸೂಕ್ತ ಆಸರೆ ನೀಡುತ್ತದೆ...
ಕೈ ಎಲ್ಲೂ ತಡೀಲಿಲ್ಲ.
ತಜ್ಞರು ಒಳಗ ಗೊರಕಿ ಹೊಡ್ಯಾಕತ್ತಿದ್ರು,
ಬರೇ ಚಾಪಿ ಮ್ಯಾಲೆ.

ಪಾಸಾದೆ. ಮೂರು ಸ್ಟಾರು. ಪದಕ್ಕ ಮೂವತ್ತು ಪೈಸೆ.
ಇನ್ನ ಮೂರನೇ ಮೆಟ್ಟಿಲು:
ಹತ್ತು ಕೆಲಸ ಒಂದೂ ತಿರಸ್ಕಾರ ಆಗದಂಗ ಮುಗಿಸಿದ್ರ
ನಾಕನೇ ಸ್ಟಾರು, ಐವತ್ತು ಪೈಸೆ.
ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದ,
"ಮುನ್ನೂರಕ್ಕ ತೊಂಬತ್ತು ರೂಪಾಯಿ.
ತೂಕ ಎಷ್ಟು ಬರತದ?"

ಮೊದಲನೇ ಕೆಲಸ ಮುಂಜಾನೆ ಬಂದು ಕುಂತಿತ್ತು:
ಮನೆಯ ಈಜುಕೊಳದ ನಿರ್ವಹಣೆ, ಐನೂರು ಪದ, ಸಂಜಿಗೆ ಬೇಕು.
ಕೊಡ ತುಂಬಿಸಿಟ್ಟು ನಳ ಬಂದ್ ಮಾಡಿ ಬಂದೆ.
ಈ ವಿಷಯದಾಗ ನನಗ ಸ್ವಂತ ಅನುಭವ ಏನೂ ಇಲ್ಲ.
ಅವರು ಕೇಳಿದಂಥಾ ಅರ್ಹತೆ ಅದ.

ಇಂದಿನ ಒತ್ತಡದ ಜೀವನದಲ್ಲಿ, ಅಂತ ಸುರು ಮಾಡಿದೆ.
ಹೊರಗ ಕಟ್ಟಿಮ್ಯಾಲೆ ಅಪ್ಪ
ಮಗಳ ಬಾಣಂತನಕ್ಕ ಗಾದಿ ಕೇಳಾಕ ಬಂದಾಕಿಗೆ
ಒಂದು ಹಿಡಿ ಅರಳಿ ಕೊಟ್ಟು ಹೇಳಾಕತ್ತಿದ್ದ:
ಹಿಡೀರಿ ಬಾಯಾರ, ಗಟ್ಟಿ ಹಿಡೀರಿ.
ಹಾಂ, ಈಗ ಬಿಡ್ರಿ.