ಮೇಲಿನದೊಂದು ಬಾಕಿ

ಗುಂಡಿಬೈಲಿನಲ್ಲಿ ಟೈಲರ್ ಅಂಗಡಿ ಇಟ್ಟವನಿಗೆ
ಬೋರ್ಡು ಯಾಕೆ, ಊರೇ ಹೇಳುತ್ತದಲ್ಲ
ಎನ್ನುತ್ತಿದ್ದರು ವಿಠಲ ಶೆರ್ವೆಗಾರರು.
ಹೇಳಿ ತಾವೇ ನಗುವರು,
ತುಟಿಯಲ್ಲಿ ಕಚ್ಚಿದ ಸೂಜಿ ಎಲ್ಲಿ ನುಂಗುವರೋ ಎಂದು
ನಮಗೆ ಹೆದರಿಕೆ.

ಬೈಲಿನಲ್ಲಿ ಗುಂಡಿ ಇದ್ದದ್ದು ಸುಳ್ಳಲ್ಲ.
ಗದ್ದೆಯ ನೀರು ಇಳಿದು ನಿಂತು
ಕಪ್ಪೆಗಳು ರಾತ್ರಿಯಿಡೀ ಲೆಕ್ಕ ಹೇಳುತ್ತಿದ್ದವು.
ಈಗ ಅದರ ಮೇಲೆ ಐದಂತಸ್ತಿನ ಫ್ಲ್ಯಾಟು,
ಲಿಫ್ಟಿಗೆ ಎಂಟು ಗುಂಡಿ.

ನಾನು ಏಳನೆಯದಕ್ಕೆ ಶಾಲೆ ಬಿಟ್ಟವಳು.
ಕಿಟಕಿ ಬದಿಯ ಬೆಂಚು, ಕಾಜ-ಗುಂಡಿ ನನ್ನ ಕೆಲಸ,
ಅಂಗಿಗೆ ಹತ್ತು ಪೈಸೆ.
ತಗ್ಗಿದ್ದಕ್ಕೂ ಗುಂಡಿ, ಉಬ್ಬಿದ್ದಕ್ಕೂ ಗುಂಡಿ,
ಇದೆಂಥ ಭಾಷೆ ಎಂದು ಕೇಳಿದ್ದೆ ಒಮ್ಮೆ.
ದುಂಡಗಿದ್ದರೆ ಸೈ ಎಂದರು ಶೆರ್ವೆಗಾರರು,
ಅಗೆದದ್ದೋ ಹೊಲಿದದ್ದೋ, ಯಾರು ಬಗ್ಗಿ ನೋಡುತ್ತಾರೆ?

ನನ್ನಜ್ಜಿಗೆ ಅದು ಗುಬ್ಬಿ.
ಅಂಗಿಯ ಗುಬ್ಬಿ ಹಾರಿತು ಮಾರಾಯ್ತಿ,
ಮಂಚದಡಿ ಹುಡುಕು.
ಕತ್ತಲಲ್ಲಿ ಕೈಯಾಡಿಸುತ್ತ
ರೆಕ್ಕೆಯ ಸದ್ದಿಗೆ ಕಿವಿ ಕೊಟ್ಟದ್ದುಂಟು.

ಎದುರಿನ ಬೆಂಚಿನಲ್ಲಿ ಸಂತೆಕಟ್ಟೆಯ ಲೆತ್ತಿಸಿಯಾ ಬಾಯಿ.
ಅವರಿಗೆ ಬುತಾಂವ್.
ಹಡಗು ಹತ್ತಿ ಬಂದ ಶಬ್ದವಂತೆ,
ಆಚೆ ಪೋರ್ಚುಗೀಸರ ಊರಲ್ಲಿ
ಮೊಗ್ಗಿಗೂ ಅದೇ ಹೆಸರಂತೆ,
ಪಾದ್ರಿಗಳು ಹೇಳಿದ್ದು.
ನಾನು ನಂಬಲಿಲ್ಲ.
ಮರುದಿನ ಬಸ್ಸಿನಲ್ಲಿ ಪಕ್ಕದವಳ ತೊಡೆಯ ಮೇಲೆ
ಶಂಕರಪುರದ ಮಲ್ಲಿಗೆ,
ಬಾಳೆನಾರಿನಲ್ಲಿ ಬಿಗಿದ, ಬಾಯಿ ಬಿಡದ ಬಿಳಿ ಸಾಲು.
ನನ್ನ ಕೈ ತಾನಾಗಿ ಕುತ್ತಿಗೆಯ ಹತ್ತಿರ ಹೋಯಿತು.

ಹಾಗಾದರೆ ಕಾಜ?
ಅದೂ ಅದೇ ಹಡಗಿನದ್ದು, ನೂಲು ಕಚ್ಚಿ ಹೇಳಿದರು ಬಾಯಿ,
ಮನೆ ಅಂತ ಅರ್ಥ.
ಮದುವೆಗೆ ನಾವು ಕಾಜಾರ್ ಅನ್ನುವುದಿಲ್ಲವಾ,
ಒಂದೇ ಬಳ್ಳಿ.
ಅಂದರೆ ಇಷ್ಟು ವರ್ಷ ನಾವಿಬ್ಬರು
ಮೊಗ್ಗಿಗೆ ಮನೆ ಕಟ್ಟುತ್ತಿದ್ದೆವು,
ಅಂಗಿಗೆ ಹತ್ತು ಪೈಸೆಯಂತೆ.
ಶೆರ್ವೆಗಾರರ ಕತ್ತರಿ ನಿಲ್ಲಲಿಲ್ಲ:
ಮನೆ ದೊಡ್ಡದಾದರೆ ಗುಂಡಿ ಒಳಗೆ ನಿಲ್ಲುವುದಿಲ್ಲ,
ಅದು ನೆನಪಿರಲಿ.

ಆಟಿಯ ಒಂದು ಬೆಳಿಗ್ಗೆ ಬಾಯಿಯ ಗಂಡ ಪಾಸ್ಕು ತೀರಿಕೊಂಡ,
ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಮಣ್ಣು ತುಳಿದವನು.
ನಾನು ಹೋದಾಗ ಬಾಯಿ ಹೊಸ್ತಿಲಲ್ಲಿ, ಬೆಳಕಿರುವ ಕಡೆ,
ಮಡಿಲಲ್ಲಿ ಅವನ ಕಾಜಾರಿನ ಬಿಳಿ ಅಂಗಿ.
ಅದರ ಗುಂಡಿಗಳೆಲ್ಲ ಎಂದೋ ಒಂದೊಂದಾಗಿ
ಮಕ್ಕಳ ಯೂನಿಫಾರ್ಮಿಗೆ ಹೋಗಿದ್ದವು.
ಅಂಗಡಿಯ ಡಬ್ಬಿ ತಂದಿದ್ದೆ, ಸುರಿದೆ,
ಒಂದೇ ಜಾತಿಯ ಆರು ಸಿಗಲಿಲ್ಲ.
ಎರಡು ತೂತಿನದು, ನಾಲ್ಕು ತೂತಿನದು,
ಒಂದರ ಅಂಚು ಚೂರು ಹಳದಿ.
ನಡೆಯುತ್ತದೆ, ಎಂದರು.
ಅವನು ಎಲ್ಲಿ ಲೆಕ್ಕ ಹಾಕುತ್ತಾನೆ.

ಇಗರ್ಜಿಯ ಹಿಂದೆ ಅಗೆಯುವವರ ಹುಡುಗ
ಓಡಿ ಬಂದ, ಮೊಣಕಾಲವರೆಗೆ ಕೆಂಪು ಕೆಸರು.
ಬಾಯಮ್ಮಾ, ಗುಂಡಿ ಆಯಿತು.

ಅವರು ತಲೆ ಎತ್ತಲಿಲ್ಲ.
ಇಲ್ಲ ಮಗಾ,
ಮೇಲಿನದೊಂದು ಬಾಕಿ.

ಹುಡುಗ ನನ್ನ ಮುಖ ನೋಡಿದ.
ನಾನು ಸೂಜಿಗೆ ನೂಲು ಪೋಣಿಸಿ ಕೊಟ್ಟೆ.
ಮಳೆ ಹಂಚಿನ ಮೇಲೆ ಬೀಳುತ್ತಿತ್ತು,
ಅವನೇ ತುಳಿದ ಮಣ್ಣಿರಬಹುದು.

ಈಗ ಅಂಗಡಿ ನನ್ನದು.
ಕಾಜಕ್ಕೆ ಮಿಷನ್ನು, ಐದೇ ಸೆಕೆಂಡು;
ಮನೆ ಕಟ್ಟಿದ ಹಾಗೇ ಅನಿಸುವುದಿಲ್ಲ.
ಮೊನ್ನೆ ಸೇರಿದ ಹುಡುಗಿ ಶರಣ್ಯ
ಲೆಕ್ಕದ ಪುಸ್ತಕದಲ್ಲಿ ಬರೆದಿದ್ದಳು
ಮುದ್ದಾದ ಅಕ್ಷರದಲ್ಲಿ:
ನೂಲಿಗೆ, ನಲವತ್ತು.
ಗುಂಡಿಗೆ, ಹನ್ನೆರಡು ರೂಪಾಯಿ.

ಎರಡನೆಯ ಸಾಲು ಮತ್ತೊಮ್ಮೆ ಓದಿದೆ,
ಅಂಗೈ ಎದೆಯ ಮೇಲಿತ್ತು.
ಅಗ್ಗವಾಯಿತು ಅನಿಸಿತು.
ತಿದ್ದಲಿಲ್ಲ.