ಬೀಗದ ಕೈಗೆ ಕಾಲಂ ಇಲ್ಲ

ಮುಂಬಯಿಯ ಕುರುಕಲು ಕಂಪನಿಯಿಂದ
ನಲವತ್ತೆರಡು ಪುಟದ ಫಾರಂ ಬಂದಿದೆ,
ಆಜಾದ್ ನಗರದ ಹಯಾತ್ ಸಾಬರ ಮಂಡಕ್ಕಿ ಭಟ್ಟಿಗೆ.
ವಾರಕ್ಕೆ ಇನ್ನೂರು ಚೀಲ ಕೊಳ್ಳುತ್ತಾರಂತೆ,
ಮೊದಲು ನಮ್ಮ ನಡತೆ ತಿಳಿಯಬೇಕಂತೆ:
ಗಾಳಿಯೊಡನೆ ಹೇಗಿದ್ದೀರಿ, ಜನರೊಡನೆ ಹೇಗಿದ್ದೀರಿ,
ನಿಮ್ಮೊಳಗೆ ನೀವು ಹೇಗಿದ್ದೀರಿ.
ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ.

ನಾನು ಲೆಕ್ಕ ಬರೆಯುವವನು. ಹದಿನಾರು ಭಟ್ಟಿಗಳ ಜಮಾಖರ್ಚು
ನನ್ನ ಒಂದೇ ಕೈಚೀಲದಲ್ಲಿ ಓಡಾಡುತ್ತದೆ.
ಹೊಟ್ಟಿನ ರಾಶಿಗೆ ಒರಗಿ,
ಇಂಗ್ಲಿಷನ್ನು ಕನ್ನಡ ಮಾಡಿ
ಕನ್ನಡವನ್ನು ಸಾಬರ ಮುಖ ನೋಡಿ ತಿದ್ದಿ ಬರೆಯುತ್ತಿದ್ದೇನೆ.

ಬೋರ್ಡಿನಲ್ಲಿ ಮಹಿಳೆಯರು ಎಷ್ಟು?
ಸಾಬರು ಹೊರಗೆ ಹೋಗಿ ಬೋರ್ಡು ನೋಡಿದರು.
ಮಸಿ ಹಿಡಿದ ತಗಡಿನ ಮೇಲೆ ಅವರ ತಾಯಿಯ ಹೆಸರು.
"ಒಬ್ಬರು" ಅಂದು ಹಾಗೇ ಸ್ಕೂಟರು ಹತ್ತಿದರು.

ಹೊಗೆ ಎಷ್ಟು ಟನ್ನು?
ಟನ್ನು ಗೊತ್ತಿಲ್ಲ. ಹಿಂದಿನ ಓಣಿಯ ನಾಗವೇಣಮ್ಮ
ಬಿಳಿ ಬಟ್ಟೆ ಹೊರಗೆ ಒಣಹಾಕುವುದು ಬಿಟ್ಟು ಆರು ವರ್ಷ.
ಶಾಲೆಯ ಮೂರನೇ ತರಗತಿ
ಹನ್ನೊಂದು ಗಂಟೆಗೆ ಪಡುವಣ ಕಿಟಕಿ ಮುಚ್ಚುತ್ತದೆ,
ಗಾಳಿ ತಿರುಗಿದರೆ ಮೂಡಣದ್ದು.
ಇದನ್ನು ಟನ್ನಿಗೆ ಹೇಗೆ ಇಳಿಸಲಿ?

ಉರುವಲು ಯಾವುದು?
ಹಗಲು, ಭತ್ತದ ಹೊಟ್ಟು.
ರಾತ್ರಿಯದನ್ನು ಅವರು ಕೇಳಿಲ್ಲ.
ಹೋದ ವರ್ಷ ಬ್ಯಾಂಕಿನ ಫಾರಮ್ಮಿನಲ್ಲಿ
"ಟೈರು ಸುಡುವುದಿಲ್ಲ" ಎಂದು ಬರೆದದ್ದು
ಇದೇ ಕೈ, ಇದೇ ದುಂಡನೆಯ ಅಕ್ಷರ.

ಬಾಣಲೆಯಲ್ಲಿ ಕಾದ ಮರಳು. ಮುಷ್ಟಿ ಅಕ್ಕಿ ಬಿದ್ದದ್ದೇ
ಚಟಪಟ ಅರಳಿ ಅಂಚಿನವರೆಗೆ ಏರುತ್ತದೆ.
ತೂಕ ಅಷ್ಟೇ, ಚೀಲ ಮಾತ್ರ ದೊಡ್ಡದು.
ನನ್ನ ವಾಕ್ಯಗಳೂ ಹಾಗೇ:
"ನಮ್ಮ ಸಂಸ್ಥೆಯು ಕಾರ್ಮಿಕರ ಆರೋಗ್ಯಕ್ಕೆ ಸದಾ ಬದ್ಧವಾಗಿದೆ."
ಬಾಯಲ್ಲಿಟ್ಟರೆ ಕರಗುತ್ತದೆ, ಹೊಟ್ಟೆಗೆ ಏನೂ ಇಳಿಯುವುದಿಲ್ಲ.

ಜರಡಿಯಲ್ಲಿ ಮರಳು ಜಾಡಿಸುತ್ತ ಕೌಸರ್ ಬೀ ಕೇಳಿದಳು:
"ನಮ್ದೇನ್ ಬರ್ದೀರಿ ಲೆಕ್ಕದಣ್ಣ, ಓದ್ರಿ ಸ್ವಲ್ಪ."
ಓದಿದೆ. ಹೆಣ್ಣಾಳು, ಹನ್ನೊಂದು.
ದೂರು ಪೆಟ್ಟಿಗೆ, ಇದೆ.
"ಅದ್ಯಾವ್ದು?"
ಗೋಡೆಯ ಬಿಸ್ಕತ್ತು ಡಬ್ಬಿ ತೋರಿಸಿದೆ, ನಿನ್ನೆ ತೂತು ಕೊರೆದದ್ದು.
ಅವಳು ನಗಲೂ ಇಲ್ಲ.
"ಪಾಯಖಾನೆ?"
ಇದೆ, ಒಂದು.
"ಬೀಗದ ಕೈ ಎಲ್ಲೈತೆ ಅಂತ ಕೇಳಿಲ್ವಾ?"

ನಲವತ್ತೆರಡು ಪುಟ ತಿರುವಿದೆ. ಕೇಳಿಲ್ಲ.
ಕೈ ಇರುವುದು ಸಾಬರ ಜುಬ್ಬದ ಜೇಬಿನಲ್ಲಿ,
ಸಾಬರು ಇರುವುದು ಎಪಿಎಂಸಿಯಲ್ಲಿ, ಬ್ಯಾಂಕಿನಲ್ಲಿ, ಯಾರದೋ ನಿಕಾಹದಲ್ಲಿ.
ಹನ್ನೊಂದು ಜನ ಬೆಳಗಿನಿಂದ ನೀರು ಕುಡಿಯದೆ
ಬೆಂಕಿಯ ಮುಂದೆ ಕೂರುವುದನ್ನು ಕಲಿತಿದ್ದಾರೆ.
ಒಂಬತ್ತು ವರ್ಷದಿಂದ ನಾನಿದನ್ನು ನೋಡಿದ್ದೇನೆ,
ಅಥವಾ ನೋಡಿಲ್ಲ.
ನನ್ನ ಖಾತೆ ಪುಸ್ತಕದಲ್ಲೂ ಅದಕ್ಕೊಂದು ಮನೆ ಇರಲಿಲ್ಲ.

ಪುಟದ ಅಂಚಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದೆ.
ಬೀಗದ ಕೈ: ಮಾಲೀಕರ ಜೇಬು.

ಸಂಜೆ ಸಾಬರು ಆ ಸಾಲನ್ನು ಎರಡು ಸಲ ಓದಿಸಿದರು.
ಭಟ್ಟಿಯ ಬಾಯನ್ನು ನೋಡಿದರು, ನನ್ನನ್ನು ನೋಡಲಿಲ್ಲ.
"ಇದನ್ನ ಕಳಿಸಿದ್ರೆ ಆರ್ಡರ್ ಬರುತ್ತಾ?"
"ಗೊತ್ತಿಲ್ಲ ಸಾಬ್ರೆ."
ಜೇಬಿಗೆ ಕೈ ಹಾಕಿ
ಜರಡಿ ತೂಗುಹಾಕುವ ಮೊಳೆಗೆ ಸಿಕ್ಕಿಸಿದರು. ಸಣ್ಣ ಸದ್ದು.
ಕೌಸರ್ ಬೀ ತಿರುಗಲಿಲ್ಲ,
ಅವಳ ಕೈಯ ಜರಡಿ ಮಾತ್ರ ಒಂದು ಗಳಿಗೆ ನಿಂತಿತು.

ಆ ಸಾಲು ಈಗ ಸುಳ್ಳು, ಹೊಡೆದು ಹಾಕಬೇಕು.
ಬರೆದದ್ದು ಸುಳ್ಳಾಯಿತೆಂದು ಇಷ್ಟು ಹಿಗ್ಗಿದ ಲೆಕ್ಕಿಗ
ಈ ಊರಲ್ಲಿ ನಾನೊಬ್ಬನೇ ಇರಬೇಕು.

ಟೈರಿನ ಮಾತು ಯಾರೂ ಎತ್ತಲಿಲ್ಲ.
ಒಂಬತ್ತೂವರೆಗೆ ಹರಿಹರದ ರಸ್ತೆ ಕಡೆಯಿಂದ ಲಾರಿ ಬಂತು,
ಲೈಟು ಆರಿಸಿಕೊಂಡು, ಹಿಮ್ಮುಖವಾಗಿ.
ಉರುವಲಿನ ಕಾಲಮ್ಮನ್ನು ಇನ್ನೂ ಪೆನ್ಸಿಲಿನಲ್ಲೇ ಬಿಟ್ಟಿದ್ದೇನೆ.
ಅಳಿಸುವುದಾದರೆ
ರಬ್ಬರಿಗೇನು ಇಲ್ಲಿ ಬರವಿಲ್ಲ.