ಫುಟ್‌ಸ್ಕ್ರೇಯಲ್ಲಿ ದೊಡ್ಡಪತ್ರೆ

ಇಂಗ್ಲಿಷಿನಲ್ಲಿ ಅದಕ್ಕೇನನ್ನುತ್ತಾರೋ ಗೊತ್ತಿರಲಿಲ್ಲ.
ರಸೀದಿಯ ಬೆನ್ನಿಗೆ ಗೀಚಿ ತೋರಿಸಿದೆ:
ದಪ್ಪ ಎಲೆ, ಅಂಚಿಗೆ ಗರಗಸ,
ಮೈತುಂಬ ಸಣ್ಣ ರೋಮ.

ಲಿಯೆನ್ ಕನ್ನಡಕ ಹಣೆಗೇರಿಸಿ ನೋಡಿ
ಮೊದಲು ಪುದೀನ ತಂದಳು.
ಆಮೇಲೆ ನೇರಳೆ ದಂಟಿನ ತುಳಸಿಯಂಥದ್ದು.
ಆಮೇಲೊಂದು ಎಲೆ,
ಮೂಗಿಗೆ ಹಿಡಿದರೆ ಸಾಕ್ಷಾತ್ ಮೀನು!
ನಾನು ಬೆಚ್ಚಿದ್ದಕ್ಕೆ
ಗಲ್ಲಾದ ಹುಡುಗನೂ ನಕ್ಕ.

ಗಡ್ಡೆಗಳ ಕಡೆ ಹೊರಳಿದೆ.
ಕೆಸುವಿನ ಗಡ್ಡೆ ಇತ್ತು, ಮಣ್ಣಿನ ಸಮೇತ.
ಮರಗೆಣಸಿಗೆ ಮೇಣ ಬಳಿದಿದ್ದರು.
ಮಾವಿನಶುಂಠಿಯೆಂದು ಎತ್ತಿಕೊಂಡದ್ದನ್ನು
ಉಗುರಲ್ಲಿ ಕೆರೆದರೆ
ಮಾವೂ ಇಲ್ಲ, ಶುಂಠಿಯೂ ಅಲ್ಲ.
ಅಲ್ಲೇ ಇಟ್ಟೆ.

ಅಷ್ಟರಲ್ಲಿ ಕೆಮ್ಮು ಬಂತು,
ವಾರದಿಂದ ಬೆನ್ನು ಬಿಡದ ಜೂನ್ ತಿಂಗಳ ಚಳಿಯ ಕೆಮ್ಮು.
ತಾಳು ಎಂಬಂತೆ ಕೈಯೆತ್ತಿ
ಆಕೆ ಹಿಂಬಾಗಿಲಿಗೆ ಹೋಗಿ ಬಂದಳು
ಆಗಷ್ಟೇ ಮುರಿದ ಕಡ್ಡಿಯೊಂದಿಗೆ.
ಎಲೆ ಹೊಸಕಿ, ತನ್ನ ಗಂಟಲು ಮುಟ್ಟಿ
ಸುಳ್ಳು ಕೆಮ್ಮು ಕೆಮ್ಮಿ ತೋರಿಸಿದಳು.

ಅದೇ. ಅದೇ ಘಾಟು.

ಹಳೇ ಪೇಂಟ್ ಡಬ್ಬಿಯಲ್ಲಿ ನೆಟ್ಟದ್ದಂತೆ,
ಮಾರಾಟಕ್ಕಲ್ಲವಂತೆ;
ಕೆಸುವಿಗಷ್ಟೇ ದುಡ್ಡು ಹಿಡಿದಳು.

ಮುಂದಿನ ಶನಿವಾರ
ಜಾಮ್ ಬಾಟಲಿಯಲ್ಲಿ ತಂಬುಳಿ ಒಯ್ದೆ.
ಒಂದು ಗುಟುಕಿಗೇ ಮುಖ ಕಿವುಚಿದಳು,
ಎಲೆಗಲ್ಲ, ಮಜ್ಜಿಗೆಗೆ.
ಉಳಿದದ್ದನ್ನು ಹುಡುಗ ಕುಡಿದು ಮುಗಿಸಿದ.

ಬಾಟಲಿ ತೊಳೆದು ಕೊಟ್ಟಳು, ಒಳಗೆ ಇನ್ನೊಂದು ಕಡ್ಡಿ.
ತನ್ನ ಭಾಷೆಯ ಹೆಸರು ಎರಡು ಸಲ ಹೇಳಿಕೊಟ್ಟಳು;
ನನ್ನ ನಾಲಿಗೆಗೆ ದಕ್ಕಲಿಲ್ಲ.
ನನ್ನದನ್ನು ಆಕೆ ಹೇಳಿದಳು:
ದೋದಪತೇ.

ಸರಿ, ಅದೇ ಇರಲಿ ಅಂದೆ.